ರಾಣಿ ಇಲ್ಲದ ಅರ್ಧ

ನನ್ನ ಹೆಂಡತಿ ಮಲ್ಕಮ್ಮನಿಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನೇನು ನಾನು ಬೆನ್ನ ಹಿಂದೆ ಹೇಳುತ್ತಿಲ್ಲ, ಆಕೆಯ ಎದುರಿಗೇ ಹೇಳಿ ಬೈಸಿಕೊಂಡಿದ್ದೇನೆ. ಓಣಿಯಲ್ಲಿ ಯಾರಾದರೂ ಹೊಸ ಸೀರೆ ಉಟ್ಟರೆ ಅವತ್ತು ಆಕೆಗೆ ರೊಟ್ಟಿ ಸೇರುವುದಿಲ್ಲ. ಆದರೆ ದುಡಿಯುವುದರಲ್ಲಿ ಆಕೆಯನ್ನು ಮೀರಿಸುವವರು ನಮ್ಮ ಕಮಲಾಪುರದಲ್ಲಿ ಇಲ್ಲ. ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇವತ್ತೂ ಬೈಗುಳ ತಪ್ಪಿದ್ದಲ್ಲ.

ನಮ್ಮದು ಕೆಂಪು ಬಾಳೆಯ ಸಣ್ಣ ತೋಟ. ಹಣ್ಣನ್ನು ನಾನು ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಬಂಡಿಯ ಮೇಲಿಟ್ಟು ಮಾರುತ್ತೇನೆ. ಅಲ್ಲಿನ ಶಹಾಬಜಾರದ ಜೇನು ಸಾಕಣೆದಾರರ ಸಂಘದವರು ನಮ್ಮೂರಿಗೆ ಬಂದು ತರಬೇತಿಗೆ ಕರೆದಾಗ, ಹೆಂಗಸರಲ್ಲಿ ಮೊದಲು ಕೈ ಎತ್ತಿದವಳು ಮಲ್ಕಮ್ಮ. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಹೋಗುತ್ತಿದ್ದಳು. ಹೊಗೆ ಎಷ್ಟು ಬಿಡಬೇಕು, ಹೂವಿಲ್ಲದ ದಿನಗಳಲ್ಲಿ ಸಕ್ಕರೆ ಪಾಕ ಹೇಗಿಡಬೇಕು, ಎಲ್ಲ ಕಲಿತಳು. ಕಲಿಸುವ ಗುರುಪ್ರಸಾದ ಸರ್ ಬಾಯಿಂದ ಬಂದದ್ದೇ ವೇದವಾಕ್ಯ. ಜೇನುಪೆಟ್ಟಿಗೆ ಮನೆಗೆ ಬಂದ ಮೇಲಂತೂ ನನ್ನ ಚಹಾ ತಣ್ಣಗಾದರೂ ಚಿಂತೆಯಿಲ್ಲ, ಹುಳಗಳಿಗೆ ನೀರು ತಪ್ಪಬಾರದು. ಖರೆ ಹೇಳುತ್ತೇನೆ, ಆ ಪೆಟ್ಟಿಗೆಯ ಮೇಲೆ ನನಗೇ ಹೊಟ್ಟೆಕಿಚ್ಚಾಗಿತ್ತು. ಊರವರು ಆಕೆಯನ್ನು ಜೇನಿನ ಮಲ್ಕಮ್ಮ ಎಂದು ಕರೆಯತೊಡಗಿದರು. ಹಾಗೆ ಕರೆದಾಗಲೆಲ್ಲ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಸಂಘದಲ್ಲಿ ಒಂದು ಪದ್ಧತಿ ಇದೆ. ಅಲ್ಲಿಂದ ಜೇನು ಕುಟುಂಬ ಪಡೆದವರು ಮುಂದಿನ ವರ್ಷ ಅದನ್ನು ಒಡೆದು, ಅರ್ಧವನ್ನು ಹೊಸಬರಿಗೆ ಕೊಡಬೇಕು. ಕುಟುಂಬಕ್ಕೆ ರಾಣಿ ಒಂದೇ ಆದ್ದರಿಂದ ಒಂದು ಅರ್ಧದಲ್ಲಿ ರಾಣಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಯಾವುದನ್ನಾದರೂ ಕೊಡಬಹುದು, ಆದರೆ ಹೇಳಿಯೇ ಕೊಡಬೇಕು. ರಾಣಿ ಇಲ್ಲದ್ದನ್ನು ತಿಳಿಯದೆ ಹೊಸಬರು ದಿನಾ ತೆರೆದು ನೋಡಿದರೆ ಅದು ಕೆಡುತ್ತದೆ. ಮುಚ್ಚಿಟ್ಟು ಕೊಟ್ಟವರನ್ನು ಸಂಘ ಇಟ್ಟುಕೊಳ್ಳುವುದಿಲ್ಲ.

ನಮ್ಮ ಪೆಟ್ಟಿಗೆಯ ಅರ್ಧ ಹೋಗಬೇಕಾದದ್ದು ರಾಜೇಶ್ರೀಗೆ. ಆಕೆ ನಮ್ಮ ಓಣಿಗೆ ಹೊಸದಾಗಿ ಬಂದ ಸೊಸೆ. ತರಬೇತಿಯ ಮೊದಲ ದಿನವೇ ಏನೋ ಪ್ರಶ್ನೆ ಕೇಳಿದಳಂತೆ, ಸರ್ ಭೇಷ್ ಅಂದರಂತೆ. ಅಷ್ಟೇ ಸಾಕಾಯಿತು.

"ಇಷ್ಟು ದಿನ ಹೋಗೀನಿ, ನನಗ ಒಮ್ಮಿಯಾದ್ರೂ ಭೇಷ್ ಅಂದಾರೇನ್ರಿ?" ಎಂದು ನನ್ನ ಮೇಲೆ ಹರಿಹಾಯ್ದಳು, ಭೇಷ್ ಅಂದವನು ನಾನೇ ಎಂಬಂತೆ.

ಪೆಟ್ಟಿಗೆ ಒಡೆದ ಸಂಜೆ ಹೊಗೆ ಹಿಡಿದು ನಿಂತವನು ನಾನು. ಮಲ್ಕಮ್ಮ ಒಂದೊಂದೇ ಚೌಕಟ್ಟು ಎತ್ತಿ ನೋಡಿ, ರಾಣಿ ಕುಳಿತ ಚೌಕಟ್ಟನ್ನು ನಮ್ಮ ಪೆಟ್ಟಿಗೆಯಲ್ಲೇ ಉಳಿಸಿಕೊಂಡಳು. ಮೊಟ್ಟೆಯಿದ್ದ ಒಂದಿಷ್ಟನ್ನು ಹೊಸ ಪೆಟ್ಟಿಗೆಗೆ ಹಾಕಿದಳು.

"ಆಕೀಗೆ ಹೇಳ್ತಿಯಿಲ್ಲೋ?" ಅಂದೆ.

"ಭೇಷ್ ಅನಿಸ್ಕೊಂಡಾಕಿ, ತಾನ ತಿಳ್ಕೋತಾಳ. ನೀವು ಸುಮ್ಕಿರ್ರಿ."

ರಾಜೇಶ್ರೀ ಬಂದು ಕಾಲಿಗೆ ನಮಸ್ಕಾರ ಮಾಡಿದಳು. "ಛಲೋತ್ನಾಗಿ ಸಾಕ್ಕೋ ತಂಗಿ," ಎಂದು ಪೆಟ್ಟಿಗೆ ಕೊಟ್ಟು ಒಳಗೆ ಹೋದಳು ನಮ್ಮಾಕೆ. ನಾನೂ ಬಾಯಿ ಬಿಡಲಿಲ್ಲ. ಮುಚ್ಚಿಟ್ಟದ್ದು ಹೊರಬಿದ್ದರೆ ಸಂಘದ ಬಾಗಿಲು ಹೆಂಡತಿಗೆ ಮುಚ್ಚುತ್ತಿತ್ತು.

ಎರಡು ದಿನದಲ್ಲಿ ಗುರುಪ್ರಸಾದ ಸರ್ ಅವರ ಮೋಟಾರು ಸೈಕಲ್ಲು ರಾಜೇಶ್ರೀ ಮನೆಯ ಮುಂದೆ ನಿಂತಿತು. ಹುಳಗಳ ಸದ್ದು ಬೇರೆಯಾಗಿದೆ ಎಂದು ಆಕೆ ಫೋನ್ ಮಾಡಿದ್ದಳು. ಮಲ್ಕಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬಂದಳು. ಬಾಗಿಲ ಸಂದಿಯಲ್ಲಿ ನಿಂತವಳು ಅಲ್ಲಿಂದ ಅಲುಗಲಿಲ್ಲ. ಸರ್ ನಮ್ಮ ಮನೆಗೆ ಬರಲಿಲ್ಲ, ಏನೂ ಕೇಳಲಿಲ್ಲ. ಹೆದರಿಕೆ ಇಳಿದ ಗಳಿಗೆಯಲ್ಲೇ ಹೊಟ್ಟೆಯುರಿ ಏರಿತು.

"ಆಕಿ ಮನಿಗೆ ಗಾಡಿ ತಗೊಂಡು ಓಡಿ ಬರ್ತಾರ! ನಾ ಏನು ಬೀದ್ಯಾಗ ಬಿದ್ದೀನೇನು?"

ಸರ್ ಆಮೇಲೂ ಬಂದರು. ಪೆಟ್ಟಿಗೆ ತೆರೆಯಬೇಡ, ಸಂಜೆ ಪಾಕ ಇಡು, ಆ ಮೊಟ್ಟೆಗಳಿಂದಲೇ ಹುಳಗಳು ಹೊಸ ರಾಣಿ ಮಾಡಿಕೊಳ್ಳುತ್ತವೆ ಎಂದು ಧೈರ್ಯ ಹೇಳಿ ಹೋದರಂತೆ. ಹಾಗೇ ಆಯಿತು. ತೊಗರಿ ಹೂವಿಗೆ ಬಂದಾಗ ಆ ಎಳೆಯ ರಾಣಿಯ ಪೆಟ್ಟಿಗೆ ತುಂಬಿ ತುಳುಕಿತು. ನಮ್ಮ ಹುಳಗಳು ಮಾತ್ರ ಇದ್ದಷ್ಟೇ ಇದ್ದವು.

ಸೂಪರ್ ಮಾರ್ಕೆಟ್‌ನಲ್ಲಿ ನಮ್ಮ ಜೇನು ಕೊಳ್ಳುವವನು ಮೋಮಿನಪುರದ ಇಮಾಮುದ್ದೀನ್. ಅವನಾದರೂ ಬಾಯಿ ಮುಚ್ಚಿಕೊಂಡಿರಬಾರದಿತ್ತೇ? ಮಲ್ಕಮ್ಮ ಬಂಡಿಯ ಪಕ್ಕದಲ್ಲೇ ಇದ್ದಾಗ, "ಭಾಗಪ್ಪಣ್ಣ, ನಿಮ್ಮ ಓಣ್ಯಾಗಿನ ರಾಜೇಶ್ರೀಬಾಯಿದು ಶಹದ್ ಏಕದಂ ಮಸ್ತ್ ಅದ ನೋಡ್ರಿ," ಎಂದು ಆಕೆಯ ಜೇನುತುಪ್ಪವನ್ನು ಹೊಗಳಿದ. ವಾಪಸು ಬಸ್ಸಿನಲ್ಲಿ ಊರು ಮುಟ್ಟುವವರೆಗೆ ಆಕೆ ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದಳು.

ಬೇಸಿಗೆಗೆ ನಮ್ಮ ಮುದಿ ರಾಣಿ ಮೊಟ್ಟೆಯಿಡುವುದನ್ನು ಬಿಡುತ್ತಾ ಬಂತು. ಹುಳ ಕಡಿಮೆಯಾದ ಚೌಕಟ್ಟುಗಳಿಗೆ ಪತಂಗದ ಮರಿಹುಳ ಬಿದ್ದು ಮೇಣವನ್ನೆಲ್ಲ ತಿಂದಿತು. ಒಂದು ಮುಂಜಾನೆ ನೋಡಿದರೆ ಉಳಿದ ಹುಳಗಳೂ ಹಾರಿಹೋಗಿದ್ದವು. ಮಲ್ಕಮ್ಮ ಖಾಲಿ ಪೆಟ್ಟಿಗೆಯ ಮುಂದೆ ಕುಳಿತು ಅತ್ತಳು. ಜೇನಿನ ಮಲ್ಕಮ್ಮನಿಗೆ ಜೇನೇ ಇರಲಿಲ್ಲ.

ಸಂಘ ಅಂಥವರನ್ನು ಕೈಬಿಡುವುದಿಲ್ಲ. ಪೆಟ್ಟಿಗೆ ಖಾಲಿಯಾದವರಿಗೆ, ಅವರಿಂದ ಪಡೆದವರೇ ಒಡೆದು ಅರ್ಧ ವಾಪಸು ಕೊಡಬೇಕು. ಅಂದರೆ ರಾಜೇಶ್ರೀ.

"ಆಕಿ ಕೈಯಾಗಿಂದ ನಾ ತಗೋಬೇಕೇನ್ರಿ? ಪೆಟಗಿ ಖಾಲೀನೇ ಇರ್ಲಿ," ಎಂದು ಹಲ್ಲು ಕಚ್ಚಿದಳು. ಆದರೂ ಮಳೆಗಾಲ ಕಳೆದು, ಸರ್ ಊರಿಗೆ ಬಂದ ಸಂಜೆ, ಬಿಸಿಲಿಗೆ ಒಣಗಿಸಿಟ್ಟಿದ್ದ ಪೆಟ್ಟಿಗೆಯನ್ನು ಒರೆಸಿ, ತಾನೇ ಹೊತ್ತುಕೊಂಡು ಹೊರಟಳು. ನಾನು ಹಿಂದೆ ಹಿಂದೆ ಹೋದೆ.

ರಾಜೇಶ್ರೀ ಚೌಕಟ್ಟುಗಳನ್ನು ಎರಡು ಕಡೆಗೆ ಹಂಚಿ, ರಾಣಿ ಇದ್ದ ಅರ್ಧವನ್ನು ನಮ್ಮ ಪೆಟ್ಟಿಗೆಗೆ ಇಳಿಸಿದಳು. "ರಾಣಿ ಇದ್ದದ್ದು ಅಕ್ಕಗ ಕೊಡ್ತೀನ್ರಿ ಸರ್. ರಾಣಿ ಇಲ್ಲದ್ದು ಹೆಂಗ ಸಾಕಬೇಕಂತ ನನಗ ಗೊತ್ತದ," ಅಂದಳು. ಮಾತಿನಲ್ಲಿ ಕುಟುಕು ಇತ್ತೇ ಎಂದು ನಾನು ಕಿವಿಗೊಟ್ಟೆ. ಇರಲಿಲ್ಲ.

ಸರ್ ನಕ್ಕರು. "ಹೌದೌದು, ಹೋದ ವರ್ಷ ಮಲ್ಕಮ್ಮ ಹೇಳೇ ಕೊಟ್ಟಾರಂತ ಅವತ್ತ ನೀನ ನನಗ ಹೇಳಿದ್ದಿಯಲ್ಲ, ರಾಜೇಶ್ರೀ. ಹೇಳಿ ಕೊಟ್ಟಿದ್ದಕ್ಕೇ ಅದು ಉಳೀತು. ಭೇಷ್, ಮಲ್ಕಮ್ಮ!"

ಇಷ್ಟು ದಿನ ಕಾದ ಭೇಷ್ ಬಂತು. ಮಲ್ಕಮ್ಮ ತಲೆ ತಗ್ಗಿಸಿ ಪೆಟ್ಟಿಗೆಯ ಮುಚ್ಚಳ ಹಾಕಿದಳು.

ಪೆಟ್ಟಿಗೆಯನ್ನು ಇಬ್ಬರೂ ಹಿಡಿದು ಮನೆಗೆ ಹೊರಟೆವು. ಒಳಗೆ ಹುಳ ಗುಂಯ್ಗುಡುತ್ತಿದ್ದವು. ಬಾವಿಯ ಹತ್ತಿರ ಬಂದಾಗ ಆಕೆ ನಿಂತಳು.

"ಆಕೀಗೆ ಅವತ್ತೇ ಗೊತ್ತಿತ್ತು, ರೀ. ಗೊತ್ತಿದ್ದೂ ನನ್ನ ಹೆಸರು ಉಳಿಸ್ಯಾಳ. ವರ್ಷಪೂರ್ತಿ ಅಕ್ಕಾ ಅಕ್ಕಾ ಅಂದಾಳ."

"ಹೂಂ. ದೊಡ್ಡ ಮನಸ್ಸಿನ ಹುಡುಗಿ," ಅಂದೆ.

ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನು ದುರುಗುಟ್ಟಿ ನೋಡಿದಳು. "ಇದ್ರಾಗೂ ನನಗಿಂತ ಮುಂದ ಹೋದ್ಲಲ್ರೀ ಆಕಿ!"