ಕೈ ಮಾಡಿದ್ದನ್ನು ಮಾತಿಗೆ ತಂದ ದೊಡ್ಡಕ್ಕ

ಕಣ್ಣು ಕಾಣದ ಮಕ್ಕಳ ಕೈಗೆ ಪಠ್ಯಪುಸ್ತಕ ಹೊತ್ತಿಗೆ ಸರಿಯಾಗಿ, ತಪ್ಪಿಲ್ಲದೆ ಸೇರಬೇಕೆಂಬ ಹಟ ತೊಟ್ಟು ಮೂವತ್ತೊಂದು ವರ್ಷ ದುಡಿದವರು, ನಿರ್ದೇಶಕರಿಂದ ಹಿಡಿದು ಕಾಗದ ತರುವ ಲಾರಿಯ ಚಾಲಕರವರೆಗೆ ಎಲ್ಲರ ಬಾಯಲ್ಲೂ ‘ದೊಡ್ಡಕ್ಕ’ನೇ ಆದವರು, ಈ ತಿಂಗಳು ನಮ್ಮ ಬ್ರೈಲ್ ಮುದ್ರಣಾಲಯದ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಬ್ರೈಲ್ ಮುದ್ರಣದ ಕ್ಷೇತ್ರದಲ್ಲಿ ಯಂತ್ರ ಬಲ್ಲವರು ಹಲವರಿದ್ದಾರೆ, ಓದುಗರನ್ನು ಬಲ್ಲವರೂ ಇದ್ದಾರೆ. ಎರಡನ್ನೂ ಬಲ್ಲವರೆಂದು ನಾನು ಕಂಡದ್ದು ಇವರೊಬ್ಬರನ್ನೇ.

ಟೈಪಿಸ್ಟ್ ಆಗಿ ಸೇರಿದ ದೊಡ್ಡಕ್ಕ ಕಂಪ್ಯೂಟರ್ ಬಂದಾಗ ಯಾರ ಪಾಠಕ್ಕೂ ಕಾಯಲಿಲ್ಲ. ಅಕ್ಷರ ತಿದ್ದುವ ತಂತ್ರಾಂಶಕ್ಕೆ ಒಂದು ಜಾಣತನವಿತ್ತು: ನಾವು ಒತ್ತಿದ ಕೀಲಿಗಳನ್ನು ಅದು ರೆಕಾರ್ಡ್ ಮಾಡಿಕೊಂಡು, ಹೇಳಿದಷ್ಟು ಸಲ ತಾನೇ ಒತ್ತುತ್ತಿತ್ತು. ಒಂದು ಪುಟ ಕೈಯಾರೆ ಸರಿಮಾಡಿ, ಉಳಿದ ಮುನ್ನೂರು ಪುಟಗಳನ್ನು ಅದಕ್ಕೇ ಒಪ್ಪಿಸಿ ಕಾಫಿಗೆ ಹೊರಡುವ ದೊಡ್ಡಕ್ಕನನ್ನು ಕಂಡು, ಹೊಸದಾಗಿ ಸೇರಿದ್ದ ನಾನು ಬೆರಗಾಗಿದ್ದೆ.

ನನ್ನ ಎರಡನೆಯ ವರ್ಷದಲ್ಲಿ, ಪರೀಕ್ಷೆಗೆ ಮೂರು ವಾರವಿರುವಾಗ, ವಿಜ್ಞಾನದ ಪ್ರಶ್ನೋತ್ತರ ಪುಸ್ತಕವೊಂದು ಬಂತು. ಮಕ್ಕಳು ಮೊದಲು ತಾವೇ ಯೋಚಿಸಲೆಂದು ಪ್ರಶ್ನೆಗಳ ಕೆಳಗಿದ್ದ ಒಂದೊಂದು ಸಾಲಿನ ಉತ್ತರಗಳನ್ನೆಲ್ಲ ಕಿತ್ತು ಪುಸ್ತಕದ ಕೊನೆಗೆ ಸೇರಿಸಬೇಕಿತ್ತು. ದೊಡ್ಡಕ್ಕ ಮೊದಲ ಪ್ರಶ್ನೆಯಲ್ಲಿ ರೆಕಾರ್ಡ್ ಮಾಡಿಕೊಟ್ಟರು: ಪ್ರಶ್ನೆಯ ಸಂಖ್ಯೆ ಹುಡುಕು, ಎರಡು ಸಾಲು ಕೆಳಗಿಳಿ, ಆ ಸಾಲನ್ನು ಕತ್ತರಿಸು, ಕೊನೆಗೆ ಅಂಟಿಸು. “ನಡುನಡುವೆ ನಿಲ್ಲಿಸಿ ನೋಡ್ತಾ ಹೋಗಿ,” ಎಂದೂ ಹೇಳಿದ್ದರು. ನಾನು ನೋಡಲಿಲ್ಲ. ನಾನೂರು ಸಲ ಓಡಿಸಿ, ನೇರ ಅಚ್ಚಿಗೆ ಕಳಿಸಿಬಿಟ್ಟೆ.

ಅರವತ್ತು ಪ್ರತಿಗಳು ಸಿದ್ಧವಾಗಿದ್ದವು. ಹುಟ್ಟಿನಿಂದ ದೃಷ್ಟಿಯಿಲ್ಲದ, ಬೆರಳಿನಿಂದಲೇ ಕರಡು ತಿದ್ದುವ ನಮ್ಮ ಹಿರಿಯರು, ಎಲ್ಲರ ಚುಕ್ಕಿ ಮಾಮ, ಒಂದು ಪ್ರತಿ ಹಿಡಿದು ಬಂದರು.

“ದೊಡ್ಡಕ್ಕ, ಈ ಪುಸ್ತಕದಲ್ಲಿ ಪ್ರಶ್ನೇನೇ ಉತ್ತರ ಹೇಳ್ತಿದೆ, ಉತ್ತರ ಪ್ರಶ್ನೆ ಕೇಳ್ತಿದೆ!”

ಎರಡು ಸಾಲಿನ ಪ್ರಶ್ನೆಗಳೆಲ್ಲ ಸರಿಯಾಗಿದ್ದವು. ಮೂರು ಸಾಲಿನವುಗಳಲ್ಲಿ ಮಾತ್ರ ಪ್ರಶ್ನೆಯ ಕೊನೆಯ ಸಾಲು ಕಿತ್ತು ಹೋಗಿ, ಉತ್ತರ ಅಲ್ಲೇ ಕೂತಿತ್ತು. ತಪ್ಪೊಪ್ಪಿಕೊಳ್ಳಲು ಹೊರಟೆ. ನಿರ್ದೇಶಕರ ಕೋಣೆಗೆ ನಾನು ಕಾಲಿಡುವ ಮೊದಲೇ ದೊಡ್ಡಕ್ಕ ಒಳಗಿದ್ದರು.

“ರೆಕಾರ್ಡ್ ಮಾಡಿದವಳು ನಾನು, ಸಾರ್. ಓಡಿಸಿದವರನ್ನ ಕೇಳೋದು ಬೇಡ. ಈ ಪ್ರತಿಗಳು ಹೋಗಬಾರದು. ನನಗೆ ಮೂರು ದಿನ ಕೊಡಿ.”

ಆ ಮೂರು ದಿನಗಳೇ ನನ್ನ ನಿಜವಾದ ಶಿಕ್ಷಣ. ರೆಕಾರ್ಡ್ ಆದ ಆಜ್ಞೆಗಳನ್ನು ದೊಡ್ಡಕ್ಕ ಕಾಗದದ ಮೇಲೆ ಸಾಲುಸಾಲಾಗಿ ಇಳಿಸಿ, ಚುಕ್ಕಿ ಮಾಮನನ್ನೂ ನನ್ನನ್ನೂ ಮೇಜಿನ ಆಚೀಚೆ ಕೂರಿಸಿಕೊಂಡು ಗಟ್ಟಿಯಾಗಿ ಓದಿದರು.

“ಇಲ್ಲಿ ಎರಡು ಸಾಲು ಕೆಳಗೆ ಹೋಗಿದ್ದೀನಿ. ಯಾಕೆ ಹೋದೆ?”

“ಉತ್ತರ ಅಲ್ಲಿತ್ತಲ್ಲ,” ಎಂದೆ.

“ಅದು ನನ್ನ ಕಣ್ಣಿಗೆ ಗೊತ್ತಿತ್ತು. ಯಂತ್ರಕ್ಕೆ ಕಣ್ಣೆಲ್ಲಿದೆ?”

“ನನಗೆ ಮಾತ್ರ ಇದೆಯೇನಮ್ಮಾ?” ಎಂದು ನಕ್ಕರು ಚುಕ್ಕಿ ಮಾಮ. “ನಾನೇನು ಸಾಲು ಎಣಿಸ್ತೀನಾ? ‘ಉತ್ತರ’ ಅನ್ನೋ ಪದ ಬೆರಳಿಗೆ ಸಿಗೋವರೆಗೂ ಹೋಗ್ತೀನಿ. ಅದಕ್ಕಿಂತ ಮೊದಲು ಮುಂದಿನ ಪ್ರಶ್ನೆಯ ಸಂಖ್ಯೆ ಸಿಕ್ಕಿದ್ರೆ, ಏನೋ ಎಡವಟ್ಟಾಗಿದೆ ಅಂತ ನಿಲ್ತೀನಿ.”

ದೊಡ್ಡಕ್ಕ ‘ಎರಡು ಸಾಲು ಇಳಿ’ ಎಂಬುದನ್ನು ಹೊಡೆದುಹಾಕಿ, ಮಾಮ ಹೇಳಿದ್ದನ್ನೇ ಪ್ರೋಗ್ರಾಂ ಆಗಿ ಬರೆದರು. ಹೀಗೆ ಒಂದೊಂದು ಕೀಲಿಗೂ ‘ಯಾಕೆ’ ಎಂದು ಕೇಳುತ್ತ, ಉತ್ತರ ಸಿಕ್ಕದ ಸಾಲನ್ನು ಮುಲಾಜಿಲ್ಲದೆ ತೆಗೆಯುತ್ತ ಹೋದಂತೆ, ಒಂದೇ ಪುಸ್ತಕಕ್ಕೆ ಹೊಂದುತ್ತಿದ್ದ ರೆಕಾರ್ಡು ಯಾವ ಪುಸ್ತಕಕ್ಕಾದರೂ ಒಗ್ಗುವ ಉಪಕರಣವಾಯಿತು: ಯಾವ ಪದ ಹುಡುಕಬೇಕು, ಎಲ್ಲಿಗೆ ಸಾಗಿಸಬೇಕು ಎಂದು ಹೇಳಿದರೆ ಸಾಕು, ಅನುಮಾನ ಬಂದಲ್ಲಿ ಅದು ನಿಂತು ಕೇಳುತ್ತಿತ್ತು. ಪ್ರೋಗ್ರಾಂನ ತಲೆಭಾಗದಲ್ಲಿ ‘ಬರೆದವರು’ ಎಂದಿದ್ದ ಜಾಗದಲ್ಲಿ, ಒಮ್ಮೆಯೂ ಕಂಪ್ಯೂಟರ್ ಮುಟ್ಟದ ಚುಕ್ಕಿ ಮಾಮನ ಹೆಸರನ್ನು ಮೊದಲು ಹಾಕಿ, ತಮ್ಮದನ್ನು ಅದರ ಕೆಳಗೆ ಸೇರಿಸಿದರು.

ಪರೀಕ್ಷೆಗೆ ಒಂಬತ್ತು ದಿನವಿರುವಾಗ ಪುಸ್ತಕ ಶಾಲೆಗಳನ್ನು ಮುಟ್ಟಿತು. ನನ್ನ ತಪ್ಪಿನ ಮಾತನ್ನು ದೊಡ್ಡಕ್ಕ ಅಂದೂ ಎತ್ತಲಿಲ್ಲ, ಮುಂದೆಂದೂ ಎತ್ತಲಿಲ್ಲ. ಮುಂದಿನ ಪುಸ್ತಕವನ್ನು ಮಾತ್ರ ನನ್ನ ಮೇಜಿನ ಮೇಲಿಟ್ಟು, “ಇದನ್ನ ನೀವೇ ಓಡಿಸಿ,” ಎಂದರು. ಅದೇ ಪ್ರೋಗ್ರಾಂ ಇಂದಿಗೆ ನೂರನಲವತ್ತು ಪುಸ್ತಕಗಳನ್ನು ದಾಟಿಸಿದೆ. ಬೇರೆ ಮುದ್ರಣಾಲಯದವರು ಕೇಳಿದಾಗ, ಕೊಡಬೇಕೇ ಎಂದು ನಾವು ಹಿಂದೆಮುಂದೆ ನೋಡುತ್ತಿದ್ದರೆ, “ಕೊಟ್ಟರೆ ಸವೆಯೋ ವಸ್ತುವೇನ್ರೀ ಅದು?” ಎಂದು ಅಂದೇ ಕಳಿಸಿಕೊಟ್ಟರು.

ಇಂಥ ಹಿರಿಯ ಜೀವಕ್ಕೆ ಆಯುಸ್ಸು, ಆರೋಗ್ಯ, ಬೆರಳುಗಳಲ್ಲಿ ಇದೇ ಚುರುಕು ಬಹುಕಾಲ ಇರಲೆಂದು ಮುದ್ರಣಾಲಯದ ಎಲ್ಲರ ಪರವಾಗಿ ಮನಸಾರೆ ಹಾರೈಸುತ್ತೇನೆ. ಗಣಿತದ ಸೂತ್ರಗಳನ್ನು ಬ್ರೈಲಿಗೆ ತರುವ ಕೆಲಸ ಇನ್ನೂ ಅರ್ಧದಲ್ಲಿದೆ. ಬೀಳ್ಕೊಡುಗೆಯ ದಿನ ಗೊತ್ತುಮಾಡಲು ಹೋದವರಿಗೆ ದೊಡ್ಡಕ್ಕ ಹೇಳಿದ್ದು ಇಷ್ಟೇ: “ಶನಿವಾರ ಇಟ್ಟುಕೊಳ್ಳಿ. ಸೋಮವಾರ ನನಗೆ ಕೆಲಸ ಇದೆ.” ಅವರ ಕುರ್ಚಿಯನ್ನು ನಾವು ಯಾರಿಗೂ ಕೊಟ್ಟಿಲ್ಲ.