ಅರ್ಜಿಗೆ ಮೆತ್ತಿದ ಎಣ್ಣೆ

ಕೇಳಿರಿ ಮಹಾಜನಗಳೇ! ಬಸವನಗುಡಿಯ ನಮ್ಮ ಸರ್ಕಾರಿ ಐಟಿಐನಲ್ಲಿ ಇವತ್ತು ಸಿಬ್ಬಂದಿಗೆ ಹುರುಪು ತುಂಬಲು ಎರಡು ಗಂಟೆ ಭಾಷಣ. ಪಕ್ಕದಲ್ಲಿ ಕೂತಿದ್ದ ಫಿಟ್ಟರ್ ಮೇಷ್ಟ್ರು ಶಿವಣ್ಣ ಅಷ್ಟರಲ್ಲಿ ಕಚೇರಿ ಕೆಲಸಕ್ಕೆ ವರ್ಗ ಕೇಳಿ ಅರ್ಜಿ ಬರೆದು ಮುಗಿಸಿದರು. "ಪಾಠ ಮಾಡೋ ಹುಮ್ಮಸ್ಸೇ ಸತ್ತೋಯ್ತು ಗುರು" ಅಂದರು.

ಭಾಷಣ ಮುಗಿದು ಹೊರಟರೆ, ಬಾಗಿಲಲ್ಲೇ ವಿದ್ಯಾರ್ಥಿನಿ ಗೌರಿ, ಮೂರು ವಾರದಿಂದ ಅರ ಹಿಡಿದು ಉಜ್ಜುತ್ತಿದ್ದ ಕಬ್ಬಿಣದ ತುಂಡಿನೊಂದಿಗೆ ನಿಂತಿದ್ದಳು. "ಸಾರ್, ಈಗ ನೋಡಿ!" ಶಿವಣ್ಣ ಅದಕ್ಕೆ ಮೂಲೆಮಟ್ಟ ಇಟ್ಟು ಕಿಟಕಿಗೆ ಹಿಡಿದರು. ಸಂದಿನಲ್ಲಿ ಕೂದಲೆಳೆಯಷ್ಟೂ ಬೆಳಕು ನುಸುಳಲಿಲ್ಲ, ಮೂಲೆ ಪಕ್ಕಾ ನೇರ!

"ಭಲೇ ತಾಯಿ! ನಾಳೆ ನಿಂಗೆ ಡ್ರಿಲ್ಲಿಂಗ್ ಹೇಳ್ಕೊಡ್ತೀನಿ" ಎನ್ನುತ್ತ, ಅರ್ಜಿಯಲ್ಲೇ ತುಂಡಿನ ಎಣ್ಣೆ ಒರೆಸಿದರು.

ಹಿಂದೆ ನಿಂತಿದ್ದ ಭಾಷಣಕಾರರು ನನ್ನ ಭುಜ ತಟ್ಟಿದರು: "ನೋಡಿದ್ರಾ, ನಮ್ಮ ಮಾತಿನ ಪವರ್ರು?"

ಪಾಪ, ಜೋರಾಗಿ ಚಪ್ಪಾಳೆ ಹೊಡೆದುಬಿಟ್ಟೆ.