ಹುಳದ ಮನೆಯ ಬೀಗ

ಮೊನ್ನೆ ನರಸಾಪುರದಲ್ಲಿ ಕಂಪನಿ ಬಸ್ಸಿನಿಂದ ಇಳಿದು ಕ್ಯಾಂಟೀನಿನ ಕಡೆ ಹೋಗುತ್ತಿದ್ದೆ. ಚರಂಡಿಯ ಉದ್ದಕ್ಕೂ ಯಾರೋ ಬ್ಲೀಚಿಂಗ್ ಪೌಡರ್ ಚೆಲ್ಲಿದ್ದರು. ಆ ವಾಸನೆಗೆ ನನ್ನ ಕಾಲು ನಿಂತುಬಿಟ್ಟಿತು. ಜೊತೆಯವರು ಮುಂದೆ ಹೋದರು. ನಾನು ಎದುರುಮನೆ ಅಕ್ಕನ ಹುಳದ ಮನೆಯ ಮುಂದೆ ನಿಂತಿದ್ದೆ...

ನಮ್ಮೂರು ಆವನಿಯ ಹತ್ತಿರ. ರೇಷ್ಮೆ ಹುಳ ಸಾಕುವ ಮನೆಗೆ ಹೊರಗಿನವರು ಕಾಲಿಡುವ ಹಾಗಿಲ್ಲ; ರೋಗ ಬಾರದಿರಲೆಂದು ಬಾಗಿಲಲ್ಲಿ ಇದೇ ಬ್ಲೀಚಿಂಗ್ ಪೌಡರ್ ಚೆಲ್ಲಿರುತ್ತಾರೆ. ಹೋಗಲೇಬೇಕಾದರೆ ತಲೆಗೆ ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು ಹೋಗಬೇಕು. ಮೈಗೆ ಸೆಂಟಿನ ವಾಸನೆ ಇದ್ದರಂತೂ ಬಾಗಿಲ ಹತ್ತಿರವೂ ಸುಳಿಯಬಾರದು, ಹುಳ ಸಾಯುತ್ತವೆ. ಇದು ನಮಗೆ ಎಳವೆಯಿಂದ ರೂಢಿ. ಹಾಗಾಗಿ ಎದುರುಮನೆಯವನು ಹೆಂಡತಿಯನ್ನು ಹುಳದ ಮನೆಯೊಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋದಾಗ ಯಾರಿಗೂ ಏನೂ ಅನ್ನಿಸಲಿಲ್ಲ. ಬೆಳೆಯ ಮೇಲೆ ಎಷ್ಟು ಕಾಳಜಿ ಎಂದು ಅಮ್ಮ ಹೊಗಳಿದ್ದೂ ಉಂಟು.

ಅಕ್ಕ ಆಂಧ್ರದ ಗಡಿಯಾಚೆಯಿಂದ ಬಂದವಳು. ಮುಳಬಾಗಿಲಿನಲ್ಲಿ ಡಿಗ್ರಿ ಓದುತ್ತಿದ್ದ ನನ್ನನ್ನು ಕಿಟಕಿಯ ಬಲೆಯ ಹಿಂದಿನಿಂದಲೇ ರೇಗಿಸುತ್ತಿದ್ದಳು. "ಏನಮ್ಮಾಯಿ, ನಿಮ್ಮ ಕಾಲೇಜಲ್ಲಿ ಸೊಪ್ಪು ಹೆಚ್ಚೋದು ಹೇಳಿಕೊಡ್ತಾರಾ? ಇಲ್ಲಾಂದ್ರೆ ನಿನ್ನ ಯಾರು ಕಟ್ಕೊಳ್ತಾರೆ?" ನಗುವಾಗ ತುಟಿಯ ಒಡಕಿಗೆ ಸೆರಗು ಒತ್ತಿಕೊಳ್ಳುತ್ತಿದ್ದಳು. ಅದು ಹೇಗಾಯಿತೆಂದು ನಾನು ಕೇಳಲಿಲ್ಲ.

ಆ ದಿನ ಮಧ್ಯಾಹ್ನ ಗೆಳತಿಯ ನಿಶ್ಚಿತಾರ್ಥ ಮುಗಿಸಿ ಬರುತ್ತಿದ್ದೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಹುಳದ ಮನೆಯ ಬಾಗಿಲನ್ನು ಒಳಗಿನಿಂದ ಬೆರಳಲ್ಲಿ ತಟ್ಟುವ ಸದ್ದು ಕೇಳಿಸಿತು.

"ಅಮ್ಮಾಯಿ, ಬೀಗದ ಕೈ ಬಾಗಿಲ ಮೇಲಿನ ಸಂದಿಯಲ್ಲಿದೆ. ತೆಗಿ. ನಾನು ಅಮ್ಮನ ಮನೆಗೆ ಹೋಗ್ತೀನಿ."

"ಯಾಕಕ್ಕಾ? ಹುಳ ಇನ್ನೇನು ಹಣ್ಣಾಗಿ ಗೂಡು ಕಟ್ತಾವಲ್ಲ?"

"ಅದಕ್ಕೇ. ಈ ಬೆಳೆ ಮುಗೀಲಿ, ಆಮೇಲೆ ನಿನ್ನ ಜೀವಸಹಿತ ಬಿಡಲ್ಲ ಅಂದಿದ್ದಾನೆ. ಕುಡಿದು ಹೇಳಿದ್ದಲ್ಲ ಕಣೇ. ಊಟ ಮಾಡ್ತಾ ಹೇಳಿದ."

ನನ್ನ ಕೈ ಸಂದಿಗೆ ಹೋಯಿತು. ಬೀಗದ ಕೈ ಬೆರಳಿಗೆ ತಗುಲಿದ್ದೂ ನೆನಪಿದೆ. ಆಗ ನನ್ನ ಸೀರೆಯಿಂದಲೇ ಸೆಂಟಿನ ವಾಸನೆ ಮೂಗಿಗೆ ಬಡಿಯಿತು. ಬಾಗಿಲು ತೆರೆದರೆ ಒಳಗಿನ ಅಷ್ಟೂ ಹುಳ...

"ಅಕ್ಕಾ, ಸೆಂಟು ಹಾಕಿದ್ದೀನಿ. ತಲೆಗೆ ನೀರು ಹಾಕ್ಕೊಂಡು ಬಂದುಬಿಡ್ತೀನಿ."

ಹುಳಗಳು ಸೊಪ್ಪು ತಿನ್ನುವ ಸರಸರ ಕೇಳುತ್ತಿತ್ತು. ಆಮೇಲೆ ಅವಳು, "ಸರಿ, ಬೇಗ ಬಾ" ಎಂದಳು. ಅವಳಿಗೂ ಅದು ಸರಿ ಎನ್ನಿಸಿತ್ತು. ನನಗೆ ಇಂದಿಗೂ ತಡೆದುಕೊಳ್ಳಲಾಗದ್ದು ಅದೇ.

ಹದಿನೈದು ನಿಮಿಷವೂ ಆಗಿರಲಿಕ್ಕಿಲ್ಲ. ಕೂದಲಿಂದ ನೀರು ಇಳಿಯುತ್ತಿರುವಂತೆಯೇ ಓಡಿಬಂದೆ. ಅವನ ಬೈಕು ಬಾಗಿಲಲ್ಲಿ ನಿಂತಿತ್ತು. ಸೊಪ್ಪಿನ ಹೊರೆ ಇಳಿಸುತ್ತಿದ್ದವನು ತಿರುಗಿ ನೋಡಿದ. ನನ್ನ ತಲೆಯನ್ನು ನೋಡಿದ, ಮಡಿಕೆ ಬಿಚ್ಚಿ ಉಟ್ಟ ಸೀರೆಯನ್ನು ನೋಡಿದ.

"ಏನಮ್ಮಾ, ಈ ಹೊತ್ತಲ್ಲಿ ತಲೆಸ್ನಾನ? ನಮ್ಮ ಹುಳ ನೋಡೋಕೆ ಬಂದ್ಯಾ?"

"ಇಲ್ಲ ಮಾವ."

"ಬಾ, ಪರವಾಗಿಲ್ಲ. ಮಡಿಯಾಗೇ ಬಂದಿದ್ದೀಯಲ್ಲ."

ನಕ್ಕ. ಸಂದಿಯಲ್ಲಿದ್ದ ಬೀಗದ ಕೈ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಹುಳದ ಮನೆಗೆ ಹೋಗಬೇಕೆಂದಿರುವವರು ಮಾತ್ರ ಆ ಹೊತ್ತಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಾರೆ ಎಂಬುದು ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ನಾನು ಬಾಯಿ ತೆರೆಯುವ ಮೊದಲೇ ನನ್ನ ತಲೆ ಅವಳ ಗುಟ್ಟು ಹೇಳಿಬಿಟ್ಟಿತ್ತು. ಅಮ್ಮನಿಗೆ ಎಲ್ಲವನ್ನೂ ಹೇಳಿದೆ. "ಗಂಡ ಹೆಂಡಿರ ಮಧ್ಯೆ ಹೋಗಬೇಡ" ಎಂದಳು.

ಮೂರು ದಿನಕ್ಕೆ ಹುಳ ಹಣ್ಣಾದವು. ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಲು ಬೀದಿಯ ಹೆಂಗಸರನ್ನು ಕರೆದ. ಬಾಗಿಲು ಹಾರುಹೊಡೆದಿತ್ತು, ಒಳಗೆ ಅವಳಿರಲಿಲ್ಲ. ತೌರಿಗೆ ಹೋದಳು ಎಂದ. ಮರುದಿನ ಅವರ ತೋಟದ ಕೃಷಿ ಹೊಂಡದಲ್ಲಿ ಸಿಕ್ಕಳು. ನೀರು ಹಾಯಿಸಲು ಹೋಗಿ ಜಾರಿದಳು ಎಂದು ಪೊಲೀಸರು ಬರೆದುಕೊಂಡರು. ಅವಳ ತಾಯಿ ಬಂದು, "ಎವರೂ ವಿನಲೇದಾ?" ಎಂದು ಒಂದೊಂದೇ ಮನೆಯ ಬಾಗಿಲಲ್ಲಿ ನಿಂತು ಕೇಳಿದಳು. ಯಾರಿಗೂ ಕೇಳಿಸಲಿಲ್ಲವಾ ಎಂದು. ನಮ್ಮ ಬಾಗಿಲಿಗೂ ಬಂದಳು. ಒಳಗೆ ಅಮ್ಮ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ನಾನು ಬಿಡಿಸಿಕೊಳ್ಳಲಿಲ್ಲ...

ನಿನ್ನೆ ಅಮ್ಮ ಫೋನು ಮಾಡಿದ್ದಳು. "ಎದುರುಮನೆಯವನಿಗೆ ಹೆಣ್ಣು ಗೊತ್ತಾಯ್ತು ಕಣೇ. ಶ್ರೀನಿವಾಸಪುರದ ಕಡೆಯವರಂತೆ."

"ಯಾವ ಊರಮ್ಮಾ?"

"ನಿನಗ್ಯಾಕೆ?"

ಮೂರು ಸಲ ಕೇಳಿದ ಮೇಲೆ ಹೇಳಿದಳು. ಭಾನುವಾರ ಆ ಹೆಣ್ಣಿನ ಮನೆಗೆ ಹೋಗುತ್ತೇನೆ. ಸಾಕ್ಷಿ ಏನಿದೆ ಎಂದು ಅವರು ಕೇಳುತ್ತಾರೆ. ಏನೂ ಇಲ್ಲ. ಅವನಿಗೂ ಸುದ್ದಿ ಮುಟ್ಟುತ್ತದೆ, ಅಮ್ಮ ಇನ್ನೂ ಅವನ ಎದುರುಮನೆಯಲ್ಲೇ ಇದ್ದಾಳೆ. ಆದರೂ ಅವಳು ಒಳಗಿನಿಂದ ಕರೆದದ್ದನ್ನು ಹೇಳುತ್ತೇನೆ, ನಾನು ಬೀಗ ತೆಗೆಯದೆ ಹೋದದ್ದನ್ನೂ ಹೇಳುತ್ತೇನೆ. ಅಕ್ಕನಿಗೆ ಇದರಿಂದ ಇನ್ನು ಏನೂ ಆಗಬೇಕಾಗಿಲ್ಲ. ಅವಳ ತಾಯಿಗೆ ಕೊಡಬೇಕಿದ್ದ ಉತ್ತರವನ್ನು ಇನ್ನೊಬ್ಬ ತಾಯಿಗೆ ಕೊಟ್ಟು ಬರುತ್ತೇನೆ, ಅಷ್ಟೆ.